ಮಾಟಿಯೆಗ್ಕನ ಸೊನಾಟಾ ನುಡಿಸಿದರೆ ಗಜಿಬಿಜಿ ಆಗುವುದೇಕೆ?

ಪ್ರಶ್ನೆ: ಐದು ವರ್ಷದಿಂದ ಕ್ಲಾಸಿಕಲ್ ಗಿಟಾರ್ ಕಲಿಯುತ್ತಿದ್ದೇನೆ. ಕಾರ್ಕಾಸಿ, ಸೋರ್, ಜೂಲಿಯಾನಿ ಇವರ ಪಾಠಗಳು ಆಗಿವೆ. ಈಚೆಗೆ ವೆನ್ಜೆಲ್ ಮಾಟಿಯೆಗ್ಕ ಎಂಬ ಹೆಸರು ಕಣ್ಣಿಗೆ ಬಿತ್ತು. ರೊಮ್ಯಾಂಟಿಕ್ ಯುಗದ ಆರಂಭದವನಂತೆ, ಒಂಟಿ ಗಿಟಾರ್‌ಗೆ ಸೊನಾಟಾಗಳನ್ನು, ಅಂದರೆ ಹಲವು ಭಾಗಗಳ ದೊಡ್ಡ ಕೃತಿಗಳನ್ನು, ಬರೆದಿದ್ದಾನಂತೆ. ಕೇಳಿದರೆ ಹೈಡನ್‌ನ ಪಿಯಾನೊ ಸಂಗೀತವನ್ನೇ ಗಿಟಾರ್‌ಗೆ ಇಳಿಸಿದ ಹಾಗಿದೆ. ಒಂದನ್ನು ನುಡಿಸಲು ಹೋದೆ. ಸ್ವರಗಳೆಲ್ಲ ಸರಿ ಇದ್ದರೂ ಒಟ್ಟಾರೆ ಗಜಿಬಿಜಿ. ಷೂಬರ್ಟ್‌ನ ಗಿಟಾರ್ ಕ್ವಾರ್ಟೆಟ್ (ನಾಲ್ಕು ವಾದ್ಯಗಳ ಕೃತಿ) ನಿಜಕ್ಕೂ ಇವನದ್ದೇ ಅಂತಾರೆ, ಹೌದಾ? ಈ ಸೊನಾಟಾಗಳಿಗೆ ಒಂದು ವರ್ಷ ಕೊಡಬಹುದಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ಹೈಡನ್ ಹಾಗೆ ಕೇಳಿಸುತ್ತದೆ ಅಂದಿರಲ್ಲ, ನಿಮ್ಮ ಕಿವಿ ಚೆನ್ನಾಗಿದೆ. ನನ್ನ ಕಿವಿ ಅಷ್ಟು ಚುರುಕಿರಲಿಲ್ಲ. ವರ್ಷಗಳ ಹಿಂದೆ ಪರಿಚಯದವರ ಮನೆಯಲ್ಲಿ ಇಪ್ಪತ್ತು ಮಂದಿ ಕೂತಿದ್ದ ಒಂದು ಸಂಜೆ, ಇವನ ಬಿ ಮೈನರ್ ಸೊನಾಟಾ, ಓಪಸ್ 23 (ಓಪಸ್ ಅಂದರೆ ಕೃತಿಯ ಕ್ರಮಸಂಖ್ಯೆ), ನುಡಿಸಿದೆ. ಶುರುವಿನಲ್ಲಿ ‘ಯಾರಿಗೂ ಗೊತ್ತಿಲ್ಲದ ಸಂಗೀತ ಕೇಳಿಸ್ತೀನಿ’ ಅಂತ ದೊಡ್ಡ ಪೀಠಿಕೆ ಬೇರೆ. ಮುಗಿದ ಮೇಲೆ ಪಿಯಾನೊ ಹೇಳಿಕೊಡುವ ಒಬ್ಬ ಹಿರಿಯರು ಹತ್ತಿರ ಬಂದರು. ‘ಚೆನ್ನಾಗಿತ್ತು. ಆದ್ರೆ ಇದನ್ನ ನಾನು ಮಕ್ಕಳಿಗೆ ದಿನಾ ಹೇಳ್ಕೊಡ್ತೀನಲ್ಲ, ಹೈಡನ್ ಅಲ್ವಾ?’ ಅಂದರು.

ಹೌದು, ಹೈಡನ್ನೇ. 1776ರ ಆರು ಪಿಯಾನೊ ಸೊನಾಟಾಗಳ ಕಂತಿನಲ್ಲಿ ಬಿ ಮೈನರ್‌ನದೊಂದಿದೆ. ಹೈಡನ್ ಕೃತಿಗಳ ಪಟ್ಟಿಯಲ್ಲಿ ಹದಿನಾರನೇ ವಿಭಾಗದ 32ನೆಯದು. ಮಾಟಿಯೆಗ್ಕ ಓಪಸ್ 23ಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಅದನ್ನೇ. ಅಂದಿನ ವಿಯೆನ್ನಾದಲ್ಲಿ ಇದನ್ನು ಕಳ್ಳತನ ಅಂತ ಯಾರೂ ಅನ್ನುತ್ತಿರಲಿಲ್ಲ. ಪೀಠಿಕೆ ಹಾಕುವ ಮುಂಚೆ ನಾನು ಓದಿಕೊಳ್ಳಬೇಕಿತ್ತು, ಅಷ್ಟೇ.

ಆದರೆ ಅವನ ಉಳಿದ ಸೊನಾಟಾಗಳು ನಕಲಲ್ಲ. ಓಪಸ್ 31ರ ಆರು ಸೊನಾಟಾಗಳು, ಎರಡು ದೊಡ್ಡ ಸೊನಾಟಾಗಳು, ಇವೆಲ್ಲ ಹೈಡನ್ ಮಾತಾಡಿದ ಭಾಷೆಯಲ್ಲಿ ಇವನೇ ಆಡಿದ ಮಾತು. ನಿಮ್ಮ ಗಜಿಬಿಜಿಗೂ ಕಾರಣ ಇಲ್ಲೇ ಇದೆ. ಅದಕ್ಕೆ ಮೊದಲು ಮನುಷ್ಯನ ಪರಿಚಯ ಮಾಡಿಕೊಳ್ಳೋಣ.

ಇವನು ಹುಟ್ಟಿದ್ದು 1773ರಲ್ಲಿ, ಬೊಹೀಮಿಯಾದ ಖೊಟ್ಸೆನ್ ಎಂಬ ಊರಿನಲ್ಲಿ. ಈಗ ಅದು ಜೆಕ್ ದೇಶ. ಹಾಗಾಗಿ ಹೆಸರಿಗೆ ಎರಡು ರೂಪ. ಜರ್ಮನ್‌ನಲ್ಲಿ ವೆನ್ಜೆಲ್ ಅಥವಾ ವೆನ್ಜೆಸ್ಲಾಸ್ ಮಾಟಿಯೆಗ್ಕ, ಜೆಕ್ ಭಾಷೆಯಲ್ಲಿ ವಾತ್ಸ್ಲಾವ್ ಮಾತ್ಯೇಯ್ಕ. ಸ್ಕೋರ್ (ಸ್ವರಲಿಪಿ) ಹುಡುಕುವಾಗ ಎಲ್ಲ ರೂಪದಲ್ಲೂ ಹುಡುಕಿ, ಇಲ್ಲದಿದ್ದರೆ ಅರ್ಧಕ್ಕರ್ಧ ಸಿಗುವುದಿಲ್ಲ. ಪ್ರಾಗ್‌ನಲ್ಲಿ ಕಾನೂನು ಓದಿದ. ಪಿಯಾನೊ ಕಲಿತದ್ದು ಗೆಲಿನೆಕ್ ಎಂಬ ಪಾದ್ರಿಯ ಬಳಿ. ಅಂದಿಗೆ ಅವರು ಹೆಸರಾಂತ ಪಿಯಾನೊ ವಾದಕರು. ಕೆಲ ಕಾಲ ಕಿನ್ಸ್ಕಿ ರಾಜಕುಮಾರನ ಬಳಿ ಕೆಲಸಕ್ಕಿದ್ದ. 1809ರಲ್ಲಿ ಬೀಥೋವನ್‌ಗೆ ವರ್ಷಾಶನ ಕೊಡಲು ಒಪ್ಪಿದ ಮೂವರಲ್ಲಿ ಒಬ್ಬನಾದ ಫರ್ಡಿನಾಂಡ್ ಕಿನ್ಸ್ಕಿ ಇವನೇ. 1800ರ ಆಸುಪಾಸಿನಲ್ಲಿ ಮಾಟಿಯೆಗ್ಕ ವಿಯೆನ್ನಾಕ್ಕೆ ಬಂದ. ಪಿಯಾನೊ, ಗಿಟಾರ್ ಪಾಠ ಹೇಳುತ್ತಾ, ಗಿಟಾರ್‌ಗೆ ಬರೆಯುತ್ತಾ ಬದುಕಿದ. ಆಮೇಲೆ ಲಿಯೋಪೋಲ್ಡ್‌ಷ್ಟಾಟ್ ಬಡಾವಣೆಯ ಚರ್ಚುಗಳಲ್ಲಿ ಹಾಡುಗಾರರ ಮೇಳ ನಡೆಸುವ ಕೆಲಸಕ್ಕೆ ಸೇರಿಕೊಂಡ. ತೀರಿಕೊಂಡದ್ದು 1830ರ ಜನವರಿಯಲ್ಲಿ.

ಈ ಇಸವಿಗಳನ್ನು ನೋಡಿದರೆ ‘ರೊಮ್ಯಾಂಟಿಕ್ ಯುಗದ ಆರಂಭದವನು’ ಎಂಬ ಚೀಟಿ ಅಷ್ಟು ಸರಿ ಹೊಂದುವುದಿಲ್ಲ. ಬೀಥೋವನ್‌ಗಿಂತ ಮೂರು ವರ್ಷಕ್ಕೂ ಕಡಿಮೆ ಚಿಕ್ಕವನು. ಷೂಬರ್ಟ್‌ಗಿಂತ ಸುಮಾರು ಇಪ್ಪತ್ತಮೂರೂವರೆ ವರ್ಷ ದೊಡ್ಡವನು. ಕಾಲ ರೊಮ್ಯಾಂಟಿಕ್ ಆಗುತ್ತಿತ್ತು, ನಿಜ. ಇವನ ಬುದ್ಧಿ ಮಾತ್ರ ಅದರ ಹಿಂದಿನ ಕ್ಲಾಸಿಕಲ್ ಯುಗದ್ದು, ಹೈಡನ್ ಕಾಲದ್ದು. ಕೆಲವರು ಇವನನ್ನು ಗಿಟಾರ್‌ನ ಬೀಥೋವನ್ ಅಂತಲೂ ಕರೆಯುತ್ತಾರೆ. ಅದು ಸ್ವಲ್ಪ ಜಾಸ್ತಿಯಾಯ್ತು. ಆದರೆ ಯಾಕೆ ಹಾಗೆ ಅನ್ನಿಸುತ್ತದೆ ಅನ್ನುವುದು ಅರ್ಥವಾಗುತ್ತದೆ.

ಜೂಲಿಯಾನಿಯ ಜೊತೆ ಇಟ್ಟು ನೋಡಿ. ಜೂಲಿಯಾನಿ 1806ರಲ್ಲಿ ಇಟಲಿಯಿಂದ ವಿಯೆನ್ನಾಕ್ಕೆ ಬಂದು ಊರನ್ನೇ ಮರುಳು ಮಾಡಿದವನು. ಅವನ ಓಪಸ್ 15 ಸೊನಾಟಾ ನೀವು ಕೇಳಿರುತ್ತೀರಿ. ಅಲ್ಲಿ ಮೇಲಿನ ತಂತಿಯಲ್ಲಿ ಹಾಡು, ಕೆಳಗೆ ಜುಳುಜುಳು ಅನ್ನುವ ಆರ್ಪೆಜಿಯೊ, ಅಂದರೆ ಕಾರ್ಡ್‌ನ (ಒಟ್ಟಿಗೆ ಹೊಂದುವ ಸ್ವರಗಳ ಗುಂಪಿನ) ಸ್ವರಗಳು ಒಂದೊಂದಾಗಿ. ಕೈಗೆ ಹಿತ, ಕಿವಿಗೂ ಹಿತ. ಅವನ ಬೆರಳು ಮೊದಲು ಯೋಚಿಸುತ್ತದೆ, ತಲೆ ಆಮೇಲೆ. ಮಾಟಿಯೆಗ್ಕ ಹಾಗಲ್ಲ. ನಾಲ್ಕೈದು ಸ್ವರದ ಒಂದು ತುಣುಕು ಹಿಡಿಯುತ್ತಾನೆ. ಅದನ್ನು ಮೇಲೆ ಹೇಳಿ, ಬೇಸ್‌ನಲ್ಲಿ ತಿರುಗಿ ಕೇಳಿ, ಅರ್ಧಕ್ಕೆ ತುಂಡು ಮಾಡಿ, ಆ ಅರ್ಧದಿಂದಲೇ ಮುಂದಿನ ಸಾಲು ಕಟ್ಟುತ್ತಾನೆ. ಇದು ನಾಲ್ಕು ಜನ ಕೂತು ಮಾತಾಡುವ ರೀತಿ. ಸ್ಟ್ರಿಂಗ್ ಕ್ವಾರ್ಟೆಟ್‌ನ ರೀತಿ. ಅದನ್ನು ಆರು ತಂತಿಗೆ, ನಾಲ್ಕು ಬೆರಳಿಗೆ ತಂದಿದ್ದಾನೆ. ಕೈಗೆ ಅಷ್ಟು ಹಿತವಲ್ಲ. ನನಗೆ ಮಾತ್ರ ಇದೇ ಹೆಚ್ಚು ಇಷ್ಟ. ಜೂಲಿಯಾನಿಯನ್ನು ನೂರು ಸಲ ಕೇಳಿದರೆ ನೂರು ಸಲವೂ ಒಂದೇ ಖುಷಿ. ಇವನನ್ನು ಕೇಳಿದರೆ ಹತ್ತನೇ ಸಲ ಏನೋ ಹೊಸದು ಕಾಣುತ್ತದೆ.

ಈಗ ಗಜಿಬಿಜಿಗೆ ಬರೋಣ.

ಸೊನಾಟಾದ ಮೊದಲ ಭಾಗದ ಕಟ್ಟಡ ನಮಗೆ ಹೇಗೆ ವಿಚಿತ್ರವೋ ನೋಡಿ. ಕರ್ನಾಟಕ ಸಂಗೀತದಲ್ಲಿ ಷಡ್ಜ ಒಮ್ಮೆ ಇಟ್ಟರೆ ಮುಗೀತು. ಕಛೇರಿ ಮುಗಿಯುವವರೆಗೆ ತಂಬೂರಿ ಅದನ್ನೇ ಹಿಡಿದು ಕೂರುತ್ತದೆ. ಸೊನಾಟಾದಲ್ಲಿ ಷಡ್ಜವೇ ಜಾಗ ಬಿಟ್ಟು ಏಳುತ್ತದೆ. ಸಿ ಮೇಜರ್ ಸೊನಾಟಾ ಅಂದುಕೊಳ್ಳಿ. ಮೊದಲ ಮಾತು ಸಿ ಷಡ್ಜದಲ್ಲಿ. ಸ್ವಲ್ಪ ಹೊತ್ತಿಗೆ ಅದರ ಪಂಚಮ, ಅಂದರೆ ಜಿ, ಹೊಸ ಷಡ್ಜವಾಗಿ ಕೂರುತ್ತದೆ. ಎರಡನೇ ಮಾತು ಬರುವುದು ಅಲ್ಲಿ. ಇಷ್ಟಾದ ಮೇಲೆ ಮಧ್ಯದ ಭಾಗ. ಅಲ್ಲಿ ಷಡ್ಜ ಯಾವುದು ಅಂತ ಹೇಳುವುದೇ ಕಷ್ಟ, ಎರಡು ಸಾಲಿಗೊಮ್ಮೆ ಬದಲಾಗುತ್ತದೆ. ಕೊನೆಗೆ ಎಲ್ಲ ವಾಪಸ್ ಸಿಗೆ ಬರುತ್ತದೆ. ಹಿಂದೆ ಜಿಯಲ್ಲಿ ಹೇಳಿದ್ದ ಎರಡನೇ ಮಾತನ್ನೂ ಈಗ ಸಿಯಲ್ಲೇ ಹೇಳುತ್ತಾರೆ. ಈ ಹೋಗಿಬರುವುದೇ ಸೊನಾಟಾದ ಕತೆ. ರಾಗ ಯಾವುದು ಅನ್ನುವುದಕ್ಕಿಂತ ಷಡ್ಜ ಈಗ ಎಲ್ಲಿದೆ ಅನ್ನುವುದೇ ಇಲ್ಲಿ ಕೇಳುಗನನ್ನು ಹಿಡಿದಿಡುವುದು.

ಗಿಟಾರ್‌ನಲ್ಲಿ ಏನಾಗುತ್ತದೆ ಗೊತ್ತಾ? ಬೇಸ್‌ನ ಮೂರು ತಂತಿ ಇ, ಎ, ಡಿ. ಬೆರಳಿಡದೆ ಮೀಟಿದರೆ ಅವು ಸುಮ್ನೆ ಮೊಳಗುತ್ತಲೇ ಇರುತ್ತವೆ. ನೀವು ಮುಂದಿನ ಕಾರ್ಡ್‌ಗೆ ಹೋದರೂ ಹಿಂದಿನ ಬೇಸ್ ಕೆಳಗೆ ಗುಂಯ್ ಅನ್ನುತ್ತಿರುತ್ತದೆ. ಷಡ್ಜ ಎದ್ದು ಹೋಗಿ ಆಗಿದೆ, ತಂತಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ನಿಮಗೆ ಗೊತ್ತಿಲ್ಲದ ಹಾಗೆ ನಿಮ್ಮ ಗಿಟಾರ್ ತಂಬೂರಿ ಆಗಿಬಿಟ್ಟಿದೆ. ಸ್ವರಗಳೆಲ್ಲ ಸರಿ ಇದ್ದೂ ಗಜಿಬಿಜಿ ಕೇಳಿಸುವುದು ಇದರಿಂದಲೇ.

ಜೂಲಿಯಾನಿಯಲ್ಲಿ ಇದು ಇಷ್ಟು ಕಾಡುವುದಿಲ್ಲ. ಅವನು ಒಂದೇ ಕಾರ್ಡ್ ಮೇಲೆ ಜಾಸ್ತಿ ಹೊತ್ತು ಕೂರುತ್ತಾನೆ, ಮೊಳಗಿದರೆ ಚೆಂದವೇ. ಮಾಟಿಯೆಗ್ಕ ಪಿಯಾನೊ ಕಲಿತವನು. ಪಿಯಾನೊದಲ್ಲಿ ಬೆರಳು ಎತ್ತಿದ ಕೂಡಲೇ ಡ್ಯಾಂಪರ್ ಬಿದ್ದು ಸದ್ದು ನಿಲ್ಲುತ್ತದೆ. ಅವನ ಸ್ಕೋರ್‌ನಲ್ಲಿ ಬೇಸ್ ಸಾಲಿನಲ್ಲಿ ಎಷ್ಟು ರೆಸ್ಟ್‌ಗಳು, ಅಂದರೆ ಮೌನದ ಗುರುತುಗಳು, ಇವೆ ನೋಡಿ. ನಾವು ಗಿಟಾರ್ ಹಿಡಿದವರು ರೆಸ್ಟ್ ಅಂದರೆ ‘ಇಲ್ಲಿ ಏನೂ ಮೀಟಬೇಡ’ ಅಂತ ಓದುತ್ತೇವೆ. ಅವನು ಬರೆದದ್ದು ‘ಇಲ್ಲಿ ಸದ್ದು ನಿಲ್ಲಿಸು’ ಅಂತ. ಎರಡಕ್ಕೂ ಬಹಳ ವ್ಯತ್ಯಾಸ.

ನಿಲ್ಲಿಸುವುದು ಹೇಗೆ? ಹೆಬ್ಬೆರಳಿನ ಕೆಲಸ. ಐದನೇ ತಂತಿ ಎ ಮೀಟಿ, ಆಮೇಲೆ ಆರನೇ ತಂತಿ ಇ ಮೀಟಬೇಕು ಅನ್ನಿ. ಆರನೆಯದನ್ನು ಹೆಬ್ಬೆರಳಿನ ರೆಸ್ಟ್ ಸ್ಟ್ರೋಕ್‌ನಲ್ಲಿ ಮೀಟಿ. ಬೆರಳು ಜಾರಿ ಬಂದು ಐದನೇ ತಂತಿಯ ಮೇಲೆ ಒರಗುತ್ತದೆ. ಮೊಳಗುತ್ತಿದ್ದ ಎ ತಾನೇ ನಿಂತಿತು. ಒಂದೇ ಚಲನೆ, ಎರಡು ಕೆಲಸ. ತಿರುಗುಮುರುಗಾಗಿ ಇ ಆದಮೇಲೆ ಎ ಬಂದರೆ ಹಾಗಾಗುವುದಿಲ್ಲ. ಎ ಮೀಟಿದ ತಕ್ಷಣ ಹೆಬ್ಬೆರಳು ಹಿಂದಕ್ಕೆ ಹೋಗಿ ಆರನೇ ತಂತಿಯನ್ನು ಮುಟ್ಟಿ ಬರಬೇಕು. ಮೊದಮೊದಲು ಇದು ತಲೆನೋವು. ಒಂದು ತಿಂಗಳು ದಿನಕ್ಕೆ ಹತ್ತು ನಿಮಿಷ, ಬರೀ ಬೇಸ್ ಸಾಲನ್ನು ಮಾತ್ರ ನುಡಿಸಿ. ಮೇಲಿನ ಸ್ವರ ಬೇಡವೇ ಬೇಡ. ಪ್ರತಿ ರೆಸ್ಟ್‌ನಲ್ಲೂ ಪೂರ್ತಿ ಮೌನ ಇರಬೇಕು. ಮೌನ ಇದೆಯಾ ಅಂತ ಫೋನ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ, ನುಡಿಸುವಾಗ ನಮ್ಮ ಕಿವಿ ನಮಗೇ ಸುಳ್ಳು ಹೇಳುತ್ತದೆ.

ಇನ್ನೊಂದು ಕಡೆ ಎಡವುವುದು ಆಲ್ಬರ್ಟಿ ಬೇಸ್‌ನಲ್ಲಿ. ಸಿ-ಜಿ-ಇ-ಜಿ ಅಂತ ಸುತ್ತು ಹೊಡೆಯುವ ಜೊತೆವಾದ್ಯದ ಮಾದರಿ ಅದು. ಪಿಯಾನೊದಲ್ಲಿ ಎಡಗೈ ಅದನ್ನು ಮೆಲ್ಲಗೆ ಮಾಡಿಕೊಂಡಿರುತ್ತದೆ, ಬಲಗೈ ಹಾಡುತ್ತದೆ. ಗಿಟಾರ್‌ನಲ್ಲಿ ಎರಡೂ ಒಂದೇ ಕೈಯ ಕೆಲಸ. ಹೆಬ್ಬೆರಳು ಭಾರ, ಮೇಲಿನ ಬೆರಳು ಹಗುರ. ಹಾಗಾಗಿ ಜೊತೆಗಾರನೇ ಹಾಡುಗಾರನಿಗಿಂತ ಜೋರಾಗಿ ಕೇಳಿಸುತ್ತಾನೆ. ಹಾಡು ಒಂದು ಕೋಣೆಯಲ್ಲಿ, ಬೇಸ್ ಪಕ್ಕದ ಕೋಣೆಯಲ್ಲಿ ಅಂದುಕೊಂಡು ನುಡಿಸಿ. ಬೆರಳಿಗೆ ಬೇರೆ ಕಸರತ್ತು ಬೇಕಾದರೆ ಜೂಲಿಯಾನಿಯ ಓಪಸ್ 1ರಲ್ಲಿ ಬಲಗೈಗೆಂದೇ 120 ಪಾಠಗಳಿವೆ, ನಿಮ್ಮ ಬಳಿ ಇದ್ದೇ ಇರುತ್ತದೆ. ಅದರಲ್ಲಿ ಹತ್ತನ್ನು ಹೆಬ್ಬೆರಳು ಪಿಸುಗುಟ್ಟುವ ಹಾಗೆ ನುಡಿಸಿ ನೋಡಿ.

ಎಡಗೈ ಹಿಗ್ಗಿಸಬೇಕಾದ ಜಾಗಗಳಲ್ಲಿ ‘ಇದು ಮನುಷ್ಯರಿಗೆ ಬರೆದದ್ದಾ’ ಅನ್ನಿಸಿದರೆ, ತಪ್ಪು ನಿಮ್ಮದಲ್ಲ. ಗಿಟಾರ್ ದೊಡ್ಡದಾಗಿದೆ. ಅಂದಿನ ವಿಯೆನ್ನಾದ ಗಿಟಾರ್‌ಗಳು ಹಗುರ, ಸೊಂಟ ಸಣ್ಣ, ತಂತಿಯ ಉದ್ದ ಸುಮಾರು 60ರಿಂದ 63 ಸೆಂಟಿಮೀಟರ್. ಅಂಥ ಗಿಟಾರ್ ಮಾಡುವುದರಲ್ಲಿ ಯೊಹಾನ್ ಗೇಯೋರ್ಗ್ ಷ್ಟಾಫರ್ ದೊಡ್ಡ ಹೆಸರು. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ ಕಟ್ಟಿದ ಸಿ. ಎಫ್. ಮಾರ್ಟಿನ್ ಕೆಲಸ ಕಲಿತದ್ದು ಅವನ ಬಳಿಯೇ. 1833ರಲ್ಲಿ ಹಡಗು ಹತ್ತಿದ. ಈಗ ನಮ್ಮ ಕೈಯಲ್ಲಿರುವುದು ಸ್ಪೇನ್‌ನ ಟೋರೆಸ್ ಹಾಕಿಕೊಟ್ಟ ಅಳತೆ, 65 ಸೆಂಟಿಮೀಟರ್. ಆಗ ಕರುಳಿನ ತಂತಿ, ಈಗ ನೈಲಾನ್. ಹಳೆಯ ಗಿಟಾರ್‌ನಲ್ಲಿ ಸದ್ದು ಬೇಗ ಸಾಯುತ್ತಿತ್ತು, ನಮ್ಮದರಲ್ಲಿ ಸಾಯುವುದೇ ಇಲ್ಲ. ಗಜಿಬಿಜಿಗೆ ಇದೂ ಒಂದು ಪಾಲು ಸೇರಿಸಿ.

ಹಳೆ ಗಿಟಾರ್ ಕೊಳ್ಳಿ ಅಂತ ಹೇಳುವುದಿಲ್ಲ. ಒಂದು ಕೇಪೋ, ಅಂದರೆ ಗಿಟಾರ್‌ನ ಕತ್ತಿಗೆ ಹಾಕಿ ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್, ಸಾಕು. ಮೊದಲ ಫ್ರೆಟ್‌ಗೆ ಹಾಕಿದರೆ 65 ಸೆಂಟಿಮೀಟರ್ ತಂತಿ ಸುಮಾರು 61.4 ಆಗುತ್ತದೆ. ಅಂದರೆ ಹೆಚ್ಚುಕಡಿಮೆ ವಿಯೆನ್ನಾ ಅಳತೆ. ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಂಡರೆ ಶ್ರುತಿಯೂ ಸರಿಯಾಗುತ್ತದೆ, ಬಿಗಿಯೂ ಕಡಿಮೆ. ಕಷ್ಟದ ಜಾಗಗಳ ಬೆರಳುವಿನ್ಯಾಸ ಹುಡುಕುವಾಗ ಹೀಗೆ ಮಾಡಿ, ಕೈಗೆ ಕೂತ ಮೇಲೆ ಕೇಪೋ ತೆಗೆಯಿರಿ. ಕ್ಲಾಸಿಕಲ್ ಗಿಟಾರ್‌ಗೆ ಕೇಪೋ ಹಾಕುವುದೇ ಅಂತ ಮೂಗು ಮುರಿಯುವವರು ಇರುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗ ಯಾರು ನೋಡುತ್ತಾರೆ, ಬಿಡಿ.

ಎಲ್ಲಿಂದ ಶುರು ಅಂದರೆ, ಓಪಸ್ 31ರ ಮೊದಲನೆಯದರಿಂದ, ಸಿ ಮೇಜರ್ ಸೊನಾಟಾದಿಂದ. ಈ ಆರನ್ನು ಅವನು ‘ಪ್ರಗತಿಶೀಲ’ ಅಂತ ಕರೆದಿದ್ದಾನೆ. ರಾಜಕೀಯದ ಪ್ರಗತಿಶೀಲ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಷ್ಟ ಏರುತ್ತದೆ ಅಂತ ಅರ್ಥ. ವಿಯೆನ್ನಾದಲ್ಲಿ ಇಂಥ ಪುಸ್ತಕ ಕೊಳ್ಳುತ್ತಿದ್ದವರು ಮನೆಯಲ್ಲಿ ಹವ್ಯಾಸಕ್ಕೆ ನುಡಿಸುವವರು. ‘ಸುಲಭ’, ‘ಪ್ರಗತಿಶೀಲ’ ಅಂತ ಮುಖಪುಟದಲ್ಲಿದ್ದರೆ ಪುಸ್ತಕ ಹೋಗುತ್ತಿತ್ತು. ಮೊದಲ ಮೆಟ್ಟಿಲೇ ಅಷ್ಟು ತಗ್ಗಿನಲ್ಲಿಲ್ಲ ಅನ್ನುವುದು ಬೇರೆ ಮಾತು. ಕಾರ್ಕಾಸಿಯ ಓಪಸ್ 60 ಮುಗಿಸಿದ ಕೈಗೆ ಅದು ಸಿಗುತ್ತದೆ. ಆರನೆಯದನ್ನು ಈಗಲೇ ಮುಟ್ಟಬೇಡಿ. ಎರಡು ದೊಡ್ಡ ಸೊನಾಟಾಗಳು, ಡಿ ಮೇಜರ್‌ನದು ಮತ್ತು ಎ ಮೇಜರ್‌ನದು, ಇನ್ನೂ ಮುಂದಕ್ಕಿರಲಿ.

ಕಲಿಯುವಾಗ ಮೊದಲ ಪುಟದಿಂದ ಕೊನೆ ಪುಟಕ್ಕೆ ಹೋಗಬೇಡಿ. ಪೆನ್ಸಿಲ್ ಹಿಡಿದು ಕೂತು, ಷಡ್ಜ ಎಲ್ಲೆಲ್ಲಿ ಬದಲಾಯಿತು ಅಂತ ಗುರುತು ಹಾಕಿ. ಆಮೇಲೆ ಎರಡನೇ ಮಾತನ್ನು ಅದರ ಎರಡೂ ಜಾಗದಲ್ಲಿ, ಮೊದಲು ಜಿಯಲ್ಲಿ, ಆಮೇಲೆ ಸಿಯಲ್ಲಿ, ಒಂದರ ಹಿಂದೆ ಒಂದು ನುಡಿಸಿ. ಸ್ವರಗಳ ನಂಟು ಅದೇ, ಆದರೆ ಬೆರಳು ಬೇರೆ, ತಂತಿ ಬೇರೆ, ಬಣ್ಣ ಬೇರೆ. ಪಿಯಾನೊದಲ್ಲಿ ಈ ಬಣ್ಣದ ಬದಲಾವಣೆ ಇಷ್ಟು ಕೇಳುವುದಿಲ್ಲ. ಇಲ್ಲಿ ಗಿಟಾರ್ ಪಿಯಾನೊವನ್ನು ಗೆಲ್ಲುತ್ತದೆ. ಇದು ಕಿವಿಗೆ ಬಿದ್ದ ಮೇಲೆ ‘ಹೈಡನ್ ಇಳಿಸಿದ ಹಾಗಿದೆ’ ಎಂಬ ನಿಮ್ಮ ಮಾತನ್ನು ನೀವೇ ಅರ್ಧ ವಾಪಸ್ ತಗೋತೀರಿ.

ಸ್ಕೋರ್‌ಗೆ ದುಡ್ಡು ಖರ್ಚು ಮಾಡಬೇಕಿಲ್ಲ. ಐಎಂಎಸ್‌ಎಲ್‌ಪಿ ಎಂಬ ಜಾಲತಾಣದಲ್ಲಿ ಹಳೆ ಮುದ್ರಣಗಳು ಉಚಿತ. ಕೋಪನ್‌ಹೇಗನ್‌ನ ರಾಯಲ್ ಲೈಬ್ರರಿಯ ರಿಷೆಲ್ ಸಂಗ್ರಹ, ಸ್ಟಾಕ್‌ಹೋಮ್‌ನ ಬೋಯೆ ಸಂಗ್ರಹ, ಎರಡೂ ಈ ಕಾಲದ ಗಿಟಾರ್ ಸಂಗೀತದ ಕಣಜ. ಹಳೆ ಮುದ್ರಣಗಳಲ್ಲಿ ಬೆರಳಿನ ಗುರುತು ಹೆಚ್ಚು ಇರುವುದಿಲ್ಲ, ಅಚ್ಚಿನ ತಪ್ಪುಗಳೂ ಉಂಟು. ಒಂದು ಸಮಾಧಾನ ಏನೆಂದರೆ, ಮೇಲಿನ ಸಾಲು, ಬೇಸ್ ಸಾಲು ಬೇರೆ ಬೇರೆಯಾಗಿ ಕಾಣುತ್ತವೆ. ಅದಕ್ಕೂ ಮುಂಚೆ ಗಿಟಾರ್ ಸಂಗೀತವನ್ನು ಪಿಟೀಲಿನ ಹಾಗೆ ಒಂದೇ ಸಾಲಾಗಿ, ಸ್ವರಚಿಹ್ನೆಗಳ ಎಲ್ಲ ಕಡ್ಡಿ ಒಂದೇ ದಿಕ್ಕಿಗೆ ಬರೆಯುತ್ತಿದ್ದರು. ಯಾವ ಸ್ವರ ಎಷ್ಟು ಹೊತ್ತು ಅಂತ ಗೊತ್ತೇ ಆಗುತ್ತಿರಲಿಲ್ಲ. ವಿಯೆನ್ನಾದಲ್ಲಿ ಇದರ ವಿರುದ್ಧ ದನಿ ಎತ್ತಿದವನು ಸಿಮೋನ್ ಮೊಲಿಟರ್, ತನ್ನ ಓಪಸ್ 7ರ ದೊಡ್ಡ ಸೊನಾಟಾಕ್ಕೆ ಉದ್ದದ ಮುನ್ನುಡಿ ಬರೆದು. ಮಾಟಿಯೆಗ್ಕನ ರೆಸ್ಟ್‌ಗಳನ್ನು ಇವತ್ತು ನಾವು ಓದಲು ಆಗುತ್ತಿದ್ದರೆ, ಅಂಥವರು ಆಗ ಹಠ ಹಿಡಿದದ್ದೂ ಕಾರಣ. ಕೇಳಲು ಬೇಕಾದರೆ ಅಮೆರಿಕದ ಡೇವಿಡ್ ಲೈಸ್ನರ್ ಓಪಸ್ 31ರ ಆರನ್ನೂ ರೆಕಾರ್ಡ್ ಮಾಡಿದ್ದಾರೆ.

ಒಂದು ವರ್ಷ ಕೊಡಬಹುದಾ ಅಂತ ಕೇಳಿದಿರಿ. ಒಂದೇ ಸೊನಾಟಾಕ್ಕೆ ಆರು ತಿಂಗಳು ಕೊಡಿ. ಅಷ್ಟರಲ್ಲಿ ಬೇಸ್ ನಿಲ್ಲಿಸುವುದು ಕೈಗೆ ಬಂದಿರುತ್ತದೆ. ಆಮೇಲೆ ಸೋರ್‌ಗೆ ವಾಪಸ್ ಹೋದರೂ ನಿಮ್ಮ ಸೋರ್ ಬೇರೆಯೇ ಕೇಳಿಸುತ್ತದೆ. ಆಗಲೂ ಮಾಟಿಯೆಗ್ಕ ಬೇಕು ಅನ್ನಿಸಿದರೆ ಮುಂದಿನದನ್ನು ತೆಗೆಯಿರಿ. ಬೇಡ ಅನ್ನಿಸಿದರೆ ನಷ್ಟವೇನಿಲ್ಲ. ಅಂದಹಾಗೆ, ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯುವ ಸಂಗೀತ ಇದಲ್ಲ. ಅದಕ್ಕೆ ಜೂಲಿಯಾನಿಯೇ ಸರಿ.

ಉಳಿದದ್ದು ಷೂಬರ್ಟ್ ಕತೆ. ಹೌದು, ನೀವು ಕೇಳಿದ್ದು ನಿಜ. 1918ರಲ್ಲಿ ಷೂಬರ್ಟ್ ಕೈಬರಹದ ಒಂದು ಸ್ಕೋರ್ ಸಿಕ್ಕಿತು. ಕೊಳಲು, ವಯೋಲಾ, ಚೆಲ್ಲೊ, ಗಿಟಾರ್. 1814ರ ಬರಹ, ಕೊನೆಯ ಭಾಗ ಅರ್ಧಕ್ಕೆ ನಿಂತಿದೆ. ಷೂಬರ್ಟ್ ಗಿಟಾರ್‌ಗೆ ಬರೆದಿದ್ದಾನೆ ಅಂದರೆ ಗಿಟಾರ್ ಲೋಕಕ್ಕೆ ಹಬ್ಬ ಅಲ್ವಾ. 1926ರಲ್ಲಿ ಅಚ್ಚಾಯಿತು. ಅದನ್ನು ಸಂಪಾದಿಸಿದ ಪಂಡಿತನ ಹೆಸರೂ ಕಿನ್ಸ್ಕಿ, ಗೇಯೋರ್ಗ್ ಕಿನ್ಸ್ಕಿ. ಮಾಟಿಯೆಗ್ಕನ ಹಳೆ ಯಜಮಾನನ ಹೆಸರೇ! 1930ರ ದಶಕದ ಆರಂಭದಲ್ಲಿ ಕೋಪನ್‌ಹೇಗನ್‌ನಲ್ಲಿ ಒಂದು ಹಳೆ ಮುದ್ರಣ ಹೊರಬಂತು. ಮಾಟಿಯೆಗ್ಕನ ನೊಟ್ಟುರ್ನೊ, ಓಪಸ್ 21, ವಿಯೆನ್ನಾದ ಆರ್ಟಾರಿಯಾ ಪ್ರಕಾಶನ 1807ರಲ್ಲಿ ಅಚ್ಚು ಹಾಕಿದ್ದು. ಕೊಳಲು, ವಯೋಲಾ, ಗಿಟಾರ್. ಅದೇ ಸಂಗೀತ. ಗುರುತು ಹಿಡಿದವನು ಟೋರ್ವಾಲ್ಡ್ ರಿಷೆಲ್, ಮೇಲೆ ಹೇಳಿದ ಸಂಗ್ರಹದ ರಿಷೆಲ್ಲೇ. ಹದಿನೇಳು ವರ್ಷದ ಷೂಬರ್ಟ್ ಮಾಡಿದ್ದು ಇಷ್ಟು: ಒಂದು ಚೆಲ್ಲೊ ಸಾಲು ಸೇರಿಸಿದ, ಮಿನ್ಯುಯೆಟ್ ಎಂಬ ನೃತ್ಯದ ಭಾಗಕ್ಕೆ ಇನ್ನೊಂದು ಟ್ರಿಯೊ, ಅಂದರೆ ನಡುವಿನ ತುಣುಕು, ಬರೆದ, ಅಲ್ಲಲ್ಲಿ ಸಾಲುಗಳನ್ನು ಅದಲುಬದಲು ಮಾಡಿದ. ಅವರ ಮನೆಯ ಕ್ವಾರ್ಟೆಟ್‌ನಲ್ಲಿ ಅಪ್ಪ ಚೆಲ್ಲೊ ನುಡಿಸುತ್ತಿದ್ದ, ಷೂಬರ್ಟ್ ವಯೋಲಾ. ಯಾರನ್ನೂ ಬಿಟ್ಟು ನುಡಿಸಲು ಮನಸ್ಸು ಬರಲಿಲ್ಲವೇನೋ. ಇದು ನನ್ನ ಊಹೆ, ಅಷ್ಟೇ.

ಕೆಲವು ಆಲ್ಬಂಗಳ ಮೇಲೆ ಈಗಲೂ ಷೂಬರ್ಟ್ ಹೆಸರು ದೊಡ್ಡದಾಗಿ, ಮಾಟಿಯೆಗ್ಕನ ಹೆಸರು ಚಿಕ್ಕದಾಗಿ ಇರುತ್ತದೆ. ಪರಿಚಯದಲ್ಲಿ ಪಾಶ್ಚಾತ್ಯ ಕೊಳಲು ನುಡಿಸುವವರು ಯಾರಾದರೂ ಇದ್ದರೆ, ವಯೋಲಾದವರನ್ನು ಹೇಗಾದರೂ ಹುಡುಕಿ ತಂದು, ಈ ನೊಟ್ಟುರ್ನೊವನ್ನು ಸೇರಿ ನುಡಿಸಿ. ಸೊನಾಟಾಗಳಲ್ಲಿ ಒಬ್ಬರೇ ಆಡಬೇಕಾದ ಮಾತುಕತೆಯನ್ನು ಇಲ್ಲಿ ಮೂವರು ಹಂಚಿಕೊಳ್ಳುತ್ತಾರೆ. ಚೆಲ್ಲೊ ಸಿಗದಿದ್ದರೆ ಚಿಂತೆ ಬೇಡ, ಮೂಲದಲ್ಲಿ ಅದು ಇರಲೇ ಇಲ್ಲ.